ಸಾಣಿಸಿದ ಬಿಸಿಲು

ನಮ್ಮ ಮೊಮ್ಮಗಳು ಮನೆಗೆ ಬಂದಳು! ಇವತ್ತು ಬೆಳಿಗ್ಗೆ, ರಾಯಚೂರಿನ ನಮ್ಮ ಈ ಬಾಡಿಗೆ ಮನೆಗೆ, ಅವರವ್ವನ ಎದೆಗೆ ಅಂಟಿಕೊಂಡು, ತಲೆಗೆ ಉಣ್ಣೆಯ ಕುಲಾಯಿ ಹಾಕಿಕೊಂಡು ಬಂದಳು. ಗಾಜಿನ ಪೆಟ್ಟಿಗೆ ಇಲ್ಲ, ಮೂಗಿನಲ್ಲಿ ನಳಿಕೆ ಇಲ್ಲ, ಕೈಗೆ ಸೂಜಿ ಇಲ್ಲ. ಹೊಸ್ತಿಲು ದಾಟುವಾಗ ಒಂದು ಸಾರಿ ಅತ್ತಳು. ಆ ಅಳು ಏನು ಚೆಂದ ಅಂತೀರಿ! ಓಣಿಯ ಹೆಣ್ಣುಮಕ್ಕಳೆಲ್ಲ ಬಾಗಿಲಿಗೆ ಬಂದರು. ನಾನು ಎಲ್ಲರಿಗೂ ಕೂಗಿ ಹೇಳಿದೆ: "ಬಂದ್ಲು ನೋಡ್ರೆವ್ವಾ, ನಮ್ಮ ಕೂಸು ಮನಿಗೆ ಬಂದ್ಲು!"

ಹೇಳಿದ್ದೇ ತಡ, ಬಾಯಿಗೆ ಸೆರಗು ಹಚ್ಚಿಕೊಂಡೆ. ಯಾಕೆ ಕೂಗಿದೆ? ಯಾರ ಕಣ್ಣು ಹೆಂಗೋ. ದೃಷ್ಟಿ ತಾಗಿದರೆ? ಸಂಜೆಯೊಳಗೆ ಮತ್ತೆ ದವಾಖಾನೆಗೆ ಓಡುವಂತೆ ಆದರೆ? ನನ್ನ ಸ್ವಭಾವವೇ ಹಾಗೆ ನೋಡ್ರಿ. ಸಂತೋಷ ಮುಂದಿನ ಬಾಗಿಲಿನಿಂದ ಬಂದರೆ ಅಂಜಿಕೆ ಹಿತ್ತಲ ಬಾಗಿಲಿನಿಂದ ಬಂದು ಮೊದಲೇ ಕುಳಿತಿರುತ್ತದೆ.

ಸೊಸೆ ಕೂಸನ್ನು ಮಂಚದ ಮೇಲೆ ಮಲಗಿಸಿ ಬಟ್ಟೆ ಸರಿಪಡಿಸುವಾಗ ಕಾಲು ಎರಡು ಹೊರಗೆ ಬಂದವು. ಅಂಗಾಲು ನನ್ನ ಹೆಬ್ಬೆರಳಿನಷ್ಟು. ಒಂದು ಗೆರೆ ಇಲ್ಲ, ಒಂದು ಕಲೆ ಇಲ್ಲ. ಅವನ್ನು ನೋಡಿದ ಕೂಡಲೆ ನನಗೆ ಬೇರೊಬ್ಬರ ಪಾದ ನೆನಪಾದವು. ಆ ಪಾದ ಹೆಂಗಿದ್ದವು ಅಂದರೆ, ಬೇಸಿಗೆಯ ಎರೆಹೊಲ ಬಿರಿದ ಹಾಗೆ ಬಿರಿದಿದ್ದವು. ಮೊರದಷ್ಟು ಅಗಲ. ಕಾಲುಂಗುರ ಬೆರಳಿನ ಮಾಂಸದೊಳಗೆ ಹುಗಿದು ಹೋಗಿ ತೆಗೆಯಲಿಕ್ಕೆ ಬರದ ಹಾಗೆ ಕುಳಿತಿದ್ದವು. ಅವು ನನ್ನ ನೆಗೆಣ್ಣಿಯ ಪಾದ. ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಆಕೆ ಇದ್ದಿದ್ದರೆ ಇವತ್ತು ಹೊಸ್ತಿಲ ಬಳಿ ನಿಂತು, ನಾನು ಕೂಗಿದ್ದಕ್ಕಿಂತ ಜೋರಾಗಿ ಕೂಗುತ್ತಿದ್ದಳು, ಆಮೇಲೆ ನನ್ನ ಮುಖ ನೋಡಿ, "ಅಂಜಿದೇನಬೇ ಮತ್ತ?" ಅನ್ನುತ್ತಿದ್ದಳು.

ನಾನು ಕಲಿತದ್ದು ನಾಲ್ಕನೇ ಇಯತ್ತೆವರೆಗೆ. ನನ್ನ ಮಗ ಹೈಸ್ಕೂಲ್ ಮಾಸ್ತರ. "ಯವ್ವಾ, ಮುಂಜಾನಿಂದ ದೊಡ್ಡವ್ವಂದ ಮಾತಾಡಾಕತ್ತಿ, ಬರದಾದ್ರೂ ಇಡು" ಅಂದ. ಅದಕ್ಕೇ ಬರೆಯುತ್ತಿದ್ದೇನೆ. ಈಗ ರಾತ್ರಿ, ಕೂಸು ಮಲಗಿದೆ. ಎರಡು ಸಾಲಿಗೊಮ್ಮೆ ಎದ್ದು ಹೋಗಿ ಅದರ ಹೊಟ್ಟೆ ಏರಿಳಿಯುವುದನ್ನು ನೋಡಿ ಬರುತ್ತೇನೆ.

ನಾನು ಮಾನ್ವಿ ತಾಲೂಕಿನ ಮಲ್ಲಟದವಳು. ಮದುವೆಯಾಗಿ ದೇವದುರ್ಗದ ಕಡೆ ಗಬ್ಬೂರಿಗೆ ಬಂದೆ. ಅಣ್ಣತಮ್ಮರಿಬ್ಬರೂ ಕೂಲಿಗೆ ಹೋಗುತ್ತಿದ್ದರು, ನಾವು ನೆಗೆಣ್ಣಿಯರೂ ಹತ್ತಿ ಬಿಡಿಸಲಿಕ್ಕೆ, ಜೋಳ ಕೊಯ್ಯಲಿಕ್ಕೆ ಹೋಗುತ್ತಿದ್ದೆವು. ಮನೆ ಮಣ್ಣಿನ ಮಾಳಿಗೆಯದು, ಅಂದರೆ ಮೇಲೂ ಮಣ್ಣಿನದೇ ಚಾವಣಿ. ದಪ್ಪ ಗೋಡೆ, ಕಿಟಕಿ ಒಂದೂ ಇಲ್ಲ. ನಡುಮನೆಯ ಮಾಳಿಗೆಗೆ ಒಂದು ದುಂಡನೆಯ ತೂತು. ಬೆಳಕು, ಗಾಳಿ, ಒಲೆಯ ಹೊಗೆ, ಎಲ್ಲಕ್ಕೂ ಅದೇ ದಾರಿ. ಬೆಳಕಿಂಡಿ ಅಂತೀವಿ. ಮಳೆ ಬಂದರೆ ಯಾರಾದರೂ ಓಡಿ ನಿಚ್ಚಣಿಕೆ ಹತ್ತಿ ಅದರ ಮೇಲೆ ಗಡಿಗೆಯನ್ನು ಬಾಯಿ ಕೆಳಗಾಗಿ ಡಬ್ಬು ಹಾಕಬೇಕು.

ಆ ಬೆಳಕಿಂಡಿ ಕಂಡರೆ ನನಗೆ ಪ್ರಾಣಭಯ. ಯಾಕಂದರೆ ಮಲ್ಲಟದ ತವರುಮನೆಯಲ್ಲಿ ನನ್ನ ತಮ್ಮ ಬೆಳಕಿಂಡಿಯ ಕೆಳಗೆ ಕೌದಿ ಹಾಸಿಕೊಂಡು ಮಲಗಿದ್ದ. ಮೇಲಿನಿಂದ ಚೇಳು ಬಿದ್ದು ಕಡಿಯಿತು. ಮಾನ್ವಿಯ ದವಾಖಾನೆ ಮುಟ್ಟುವಷ್ಟರಲ್ಲಿ ನಮ್ಮವ್ವನ ತೊಡೆಯ ಮೇಲೇ ಹೋಗಿಬಿಟ್ಟ. ಆಮೇಲೆ ನಾನು ಯಾವ ಮಾಳಿಗೆಯ ಕೆಳಗೂ ಮೇಲೆ ನೋಡದೆ ಕುಳಿತವಳಲ್ಲ. ಗಬ್ಬೂರಿಗೆ ಬಂದ ಹೊಸದರಲ್ಲಿ ನಡುಮನೆ ದಾಟಬೇಕಾದರೆ ಗೋಡೆಗೆ ಹತ್ತಿಕೊಂಡು ಸುತ್ತುಹಾಕಿ ಹೋಗುತ್ತಿದ್ದೆ. ನನ್ನ ಗಂಡ ನಗುತ್ತಿದ್ದರು. ನೆಗೆಣ್ಣಿ ಮಾತ್ರ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು.

ಆಕೆಗೆ ಅದೇ ಬೆಳಕಿಂಡಿ ಸಾವುಕಾರಿಕೆ ಇದ್ದಹಾಗೆ. ಹೊತ್ತು ಏರಿದ ಮೇಲೆ ಅದರೊಳಗಿಂದ ಬಿಸಿಲು ಇಳಿದು ಮೊದಲು ಪಡುವಣ ಗೋಡೆಯ ಬುಡಕ್ಕೆ ಬೀಳುತ್ತಿತ್ತು. ಆಮೇಲೆ ಮೆಲ್ಲಗೆ ನೆಲಕ್ಕೆ ಇಳಿದು, ಸಾರಿಸಿದ ನೆಲದ ಮೇಲೆ ದುಂಡಗೆ ಬಂದು ನಿಲ್ಲುತ್ತಿತ್ತು. ಅದಕ್ಕೆ ಆಕೆ ಸೂರ್ಯಪ್ಪನ ರೊಟ್ಟಿ ಅಂತ ಹೆಸರಿಟ್ಟಿದ್ದಳು.

"ಬಂತು ನೋಡು ರೊಟ್ಟಿ. ನಾವು ಬಡೀಲಿಲ್ಲ, ಸುಡಲಿಲ್ಲ, ಅದರ ಪಾಡಿಗೆ ಅದ ಬಂತು."

ಹೊಲಕ್ಕೆ ಹೋಗದ ದಿನ, ಆ ರೊಟ್ಟಿ ನಡುನೆಲಕ್ಕೆ ಬಂದ ಕೂಡಲೆ ಆಕೆ ಕೈಯಲ್ಲಿದ್ದ ಕೆಲಸ ಬಿಡುತ್ತಿದ್ದಳು. ಅರ್ಧ ಬೀಸಿದ ಕಾಳು ಬೀಸುಕಲ್ಲಿನಲ್ಲೇ, ಅರ್ಧ ತಿಕ್ಕಿದ ಪಾತ್ರೆ ಬೂದಿಯಲ್ಲೇ. ಕೈ ತೊಳೆದು, ಒಂದು ಹಿಡಿ ಶೇಂಗಾ, ಒಂದು ತುಂಡು ಬೆಲ್ಲ ತಗೊಂಡು, ಗೋಡೆಗೆ ಬೆನ್ನು ಕೊಟ್ಟು ಕುಳಿತು, ಆ ಬಿರಿದ ಪಾದ ಎರಡನ್ನೂ ಬಿಸಿಲಿನೊಳಗೆ ಚಾಚುತ್ತಿದ್ದಳು. ಬೇಸಿಗೆಯಲ್ಲಿ ಅದು ಕಾದ ಹಂಚಿನ ಹಾಗಿರುತ್ತಿತ್ತು. ಆಗ ಬೆರಳ ತುದಿ ಮಾತ್ರ ಮುಟ್ಟಿಸಿ, "ಇವತ್ತ ಸೀದದ ರೊಟ್ಟಿ" ಅಂತ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು.

ಆ ಹೊತ್ತಿನಲ್ಲಿ ಆಕೆಯನ್ನು ಯಾರೂ ಕರೆಯುವಂತಿರಲಿಲ್ಲ. ಭಾವ ನೀರು ಕೇಳಿದರೆ, "ಈಗ ನಾ ಮನ್ಯಾಗಿಲ್ಲ. ಕೊಡದಾಗ ಅದ, ತಗೋರಿ" ಅನ್ನುತ್ತಿದ್ದಳು. ಮೇಲಿನಿಂದ ಗುಬ್ಬಿ ಇಳಿದು ಬಂದು ಆಕೆಯ ಕಾಲ ಬಳಿಯೇ ಶೇಂಗಾದ ಸಿಪ್ಪೆ ಕೆದಕುತ್ತಿತ್ತು. ಬಿಸಿಲಿನ ಕೋಲಿನೊಳಗೆ ಧೂಳು ಏಳುವುದನ್ನು ನೋಡುತ್ತ, "ಧೂಳಿಗೂ ಕುಣ್ಯಾಕ ಒಂದು ಜಾಗ ಸಿಕ್ಕದ ನೋಡು" ಅಂತ ತನ್ನಷ್ಟಕ್ಕೆ ತಾನು ನಗುತ್ತಿದ್ದಳು.

"ಬಾ ಇಲ್ಲಿ, ಕುಂದ್ರು" ಅಂತ ನನ್ನನ್ನು ಕರೆದರೆ ನಾನು ದೂರದ ಮೂಲೆಯಿಂದ, "ಬ್ಯಾಡ ಯಕ್ಕಾ, ನಾ ಇಲ್ಲೇ ಬೆಚ್ಚಗದೀನಿ" ಅನ್ನುತ್ತಿದ್ದೆ.

"ಮೂಲ್ಯಾಗ ಬೆಚ್ಚಗಿರೂದು ಹೆಗ್ಗಣ" ಅನ್ನುತ್ತಿದ್ದಳು.

ಒಂದು ಸಾರಿ ಆಕೆ ತನ್ನ ತವರೂರು ಗೂಗಲ್ಲಿಗೆ ಹೋದಳು. ಅವರಪ್ಪನಿಗೆ ಮೈಯಲ್ಲಿ ಹುಷಾರಿರಲಿಲ್ಲ. ಆಗ ನನಗೆ ಮೊದಲ ಬಸಿರು. ಹೊಟ್ಟೆಯಲ್ಲಿ ಕೂಸು ಆಡಿದಾಗಲೆಲ್ಲ ನನಗೆ ತಮ್ಮನ ನೆನಪು. ಇದು ಹುಟ್ಟಿದ ಮೇಲೆ ಎಲ್ಲಿ ಮಲಗಿಸಲಿ? ಎಲ್ಲಿ ಮಲಗಿಸಿದರೂ ಮೇಲೆ ಆ ತೂತು ಇರುತ್ತದಲ್ಲ? ನನ್ನ ಗಂಡನ ಹತ್ತಿರ ಅತ್ತು ಕರೆದೆ. ಅವರು ಬೇಸತ್ತು ಒಂದು ಚಪ್ಪಟೆ ಫರಸಿ ಕಲ್ಲು ಹೊತ್ತು ಮಾಳಿಗೆ ಹತ್ತಿ ಬೆಳಕಿಂಡಿ ಮುಚ್ಚಿ, ಸುತ್ತಲೂ ಮಣ್ಣು ಮೆತ್ತಿಬಿಟ್ಟರು. ಮನೆಯೊಳಗೆ ಹಗಲು ಹೋಯಿತು. ಒಲೆಯ ಹೊಗೆ ಹೊರಗೆ ಹೋಗಲಿಕ್ಕೆ ದಾರಿಯಿಲ್ಲದೆ ನಾವೆಲ್ಲ ಕೆಮ್ಮುತ್ತ ಉಂಡೆವು. ಆದರೂ ನನಗೆ ಒಂದು ನಮೂನೆ ಹಾಯೆನಿಸಿತ್ತು.

ನೆಗೆಣ್ಣಿ ಗೂಗಲ್ಲಿನಿಂದ ವಾಪಸು ಬಂದವಳು ಹೊಸ್ತಿಲಲ್ಲೇ ನಿಂತಳು. ಗಂಟು ಇಳಿಸಲಿಲ್ಲ. ಬೈಯುತ್ತಾಳೆ ಅಂದುಕೊಂಡೆ.

"ಸೂರ್ಯಪ್ಪನ ರೊಟ್ಟಿ ಯಾರು ತಿಂದ್ರು?" ಅಂದಳು.

ನಾನು ಅಳಲಿಕ್ಕೆ ಸುರು ಮಾಡಿದೆ. ತಮ್ಮನ ಸಂಗತಿ ಆಕೆಗೆ ಆ ದಿನವೇ ಮೊದಲ ಸಾರಿ ಪೂರಾ ಹೇಳಿದೆ. ಆಕೆ ಆ ಕತ್ತಲೆಯಲ್ಲೇ ನನ್ನ ಬಳಿ ಕುಳಿತು ಎಲ್ಲವನ್ನೂ ಕೇಳಿದಳು. ಚೇಳು ಬೀಳುವುದಿಲ್ಲ ಅಂತ ಹೇಳಲಿಲ್ಲ. ನೀನು ಹುಚ್ಚಿ ಅಂತಲೂ ಹೇಳಲಿಲ್ಲ. ಎದ್ದು, ಗೋಡೆಯ ಮೊಳೆಗೆ ತೂಗುಹಾಕಿದ್ದ ಹಿಟ್ಟು ಜರಡಿ ಹಿಡಿಯುವ ಸಾಣಿಗೆಯನ್ನು ತಗೊಂಡು ಹೊರಗೆ ಹೋದಳು. ನಿಚ್ಚಣಿಕೆ ಕಿರುಗುಟ್ಟಿತು. ಮೇಲೆ ಕಲ್ಲು ಸರಿದ ಸದ್ದು. ಮಣ್ಣು ಉದುರಿತು, ನಾನು ಚೀರಿ ಮೂಲೆಗೆ ಓಡಿದೆ. ಆಮೇಲೆ ಬಿಸಿಲು ಬಂತು. ಆದರೆ ಮೊದಲಿನ ಬಿಸಿಲಲ್ಲ. ಮೆತ್ತಗೆ, ಮಜ್ಜಿಗೆಯ ತಿಳಿಯ ಹಾಗೆ.

ಬೆಳಕಿಂಡಿಯ ಬಾಯಿಗೆ ಸಾಣಿಗೆ ಡಬ್ಬು ಹಾಕಿ, ಸುತ್ತ ಮಣ್ಣು ಮೆತ್ತಿದ್ದಳು. ಮೇಲಿನಿಂದ ಬಗ್ಗಿ ಕೂಗಿದಳು:

"ನೋಡಬೇ! ಚೇಳು ಮ್ಯಾಲ ಉಳೀತದ, ಬಿಸಿಲು ಕೆಳಗ ಬೀಳ್ತದ. ನಿನಗಂತ ಸಾಣಿಸಿ ಕೊಟ್ಟೀನಿ. ಈಗರ ಬಂದು ಕುಂದ್ರು!"

ಆ ದಿನ ನಾನು ಮೊದಲ ಸಾರಿ ನಡುಮನೆಯ ನಟ್ಟನಡುವೆ ಕುಳಿತೆ. ಕಣ್ಣು ಮಾತ್ರ ಮೇಲೆಯೇ ಇತ್ತು. ಆಕೆ ನನ್ನ ಪಾದ ಹಿಡಿದೆಳೆದು ತನ್ನ ಪಾದದ ಪಕ್ಕ ಇಟ್ಟುಕೊಂಡಳು. ಬೆಲ್ಲ ಕೊಟ್ಟಳು. ಸಾಣಿಗೆಯ ಮೇಲೆ ಗುಬ್ಬಿ ಬಂದು ಕುಳಿತಿತು. ಒಳಗೆ ಬರಲಿಕ್ಕೆ ದಾರಿಯಿಲ್ಲದೆ ಅತ್ತಿತ್ತ ಕುಪ್ಪಳಿಸಿತು. ಅದರ ನೆರಳು ನಮ್ಮ ಪಾದಗಳ ಮೇಲೆ ಕುಪ್ಪಳಿಸಿತು.

"ನನ್ನಿಂದ ನಿನ್ನ ಗುಬ್ಬಿ ಬರಂಗಿಲ್ಲ ಇನ್ನ" ಅಂದೆ.

"ನೆಳ್ಳು ಬರ್ತದಲ್ಲ. ಅದಕ್ಕ ಕಾಳೂ ಹಾಕೂದಿಲ್ಲ, ಹಿಕ್ಕಿನೂ ಬಳಿಯೂದಿಲ್ಲ" ಅಂದಳು.

ಮುಂದಿನ ಸಂತೆಯವರೆಗೆ ಮನೆಯಲ್ಲಿ ಹಿಟ್ಟು ಜರಡಿ ಹಿಡಿಯಲಿಕ್ಕೆ ಏನೂ ಇರಲಿಲ್ಲ. ರೊಟ್ಟಿಯಲ್ಲಿ ತವುಡು, ಹೊಟ್ಟು, ಒಂದೊಂದು ಸಾರಿ ಕಡ್ಡಿ. ಭಾವ ಹಲ್ಲಿನ ಸಂದಿಯಿಂದ ಹೊಟ್ಟು ತೆಗೆಯುತ್ತ, "ಏನಿದು, ದನಕ್ಕ ಮಾಡೀರೋ ನಮಗೋ?" ಅಂದರು. ಆಕೆ ಮೇಲಕ್ಕೆ ಬೆರಳು ತೋರಿಸಿ, "ಮನ್ಯಾಗ ಇರೂದು ಒಂದು ಸಾಣಿಗಿ. ಹಿಟ್ಟು ಸಾಣಿಸಲ್ಯಾ, ಬಿಸಿಲು ಸಾಣಿಸಲ್ಯಾ?" ಅಂದಳು. ಭಾವ ಮೇಲೆ ನೋಡಿದರು, ನನ್ನ ಹೊಟ್ಟೆ ನೋಡಿದರು, ತಲೆ ಬಗ್ಗಿಸಿಕೊಂಡು ಉಂಡರು. ಆಮೇಲೆ ದೇವದುರ್ಗದ ಸಂತೆಯಿಂದ ಹೊಸ ಸಾಣಿಗೆ ತಂದವರೂ ಅವರೇ.

ಅಂಜಿಕೆ ಅಲ್ಲಿಗೆ ಮುಗಿಯಲಿಲ್ಲ. ದಿನ ತುಂಬುತ್ತ ಬಂದ ಹಾಗೆ ನನಗೆ ಅನ್ನ ಇಳಿಯದಾಯಿತು. ತಾಟಿನ ಮುಂದೆ ಕುಳಿತರೆ ಸಾಕು, ಹೆರಿಗೆಯಲ್ಲಿ ಹೋದವರೆಲ್ಲ ಕಣ್ಣ ಮುಂದೆ ಬರುತ್ತಿದ್ದರು. ಒಂದು ಸಂಜೆ ನೆಗೆಣ್ಣಿ ನನ್ನ ತಾಟು ನೋಡಿದಳು. ಮುರಿದ ರೊಟ್ಟಿ ಮುರಿದ ಹಾಗೇ ಇತ್ತು.

"ಯಾಕ ಉಣವಲ್ಲಿ?"

"ಅಂಜಿಕಿ ಬರಾಕತ್ತದ ಯಕ್ಕಾ."

"ಎಲ್ಲಿ ಅದ?"

"ಇಲ್ಲೇ ಬಾಜೂಕ ಕುಂತಂಗ ಆಗ್ತದ."

ಆಕೆ ಎದ್ದು ಹೋಗಿ ಒಂದು ಹಳೆಯ ಗೋಣಿತಟ್ಟು ತಂದು ಝಾಡಿಸಿ ನನ್ನ ಪಕ್ಕಕ್ಕೆ ಹಾಸಿದಳು. ಮನೆಗೆ ಬಂದ ಬೀಗರಿಗೆ ಹೇಳುವ ಹಾಗೆ ಆ ಖಾಲಿ ತಟ್ಟಿಗೆ ಹೇಳಿದಳು:

"ಬರ್ರಿ, ಕುಂದರ್ರಿ. ಬಂದೀರಿ, ಹೋಗ್ರಿ ಅನ್ನಾಕ ಬರೂದಿಲ್ಲ. ಆದರ ನಿಮಗ ತಾಟಿಲ್ಲ. ಈಕಿ ಬಸರಿ ಅದಾಳ, ಈಕಿ ಪಾಲಿನ ರೊಟ್ಟಿ ನಿಮಗ ಕೊಡಾಕ ಬರೂದಿಲ್ಲ."

ಗಂಡಸರಿಬ್ಬರೂ ಬಾಯಿ ಬಿಟ್ಟುಕೊಂಡು ನೋಡಿದರು. ನನ್ನ ಗಂಡ, "ಅತ್ತಿಗಿ, ನಿಮಗೂ ಹತ್ತೇತೇನು ಈಕಿ ಹುಚ್ಚು?" ಅಂದರು. ನನಗೆ ನಗು ಬಂತು. ನಗುವಾಗಲೇ ತುತ್ತು ಒಳಗೆ ಹೋಯಿತು. ಮತ್ತೊಂದು ತುತ್ತು ಆಕೆ ತಾನೇ ಮುರಿದು ಇಟ್ಟಳು. ಅವತ್ತಿನಿಂದ ಹೆರಿಗೆಯಾಗುವವರೆಗೆ ದಿನಾ ಸಂಜೆ ಉಣ್ಣುವಾಗ ನನ್ನ ಪಕ್ಕಕ್ಕೆ ಆ ಗೋಣಿತಟ್ಟು ಬೀಳುತ್ತಿತ್ತು. ತಾಟು ಮಾತ್ರ ಇಡುತ್ತಿರಲಿಲ್ಲ. ನನ್ನ ಮಗ ಹುಟ್ಟಿದ. ಆತನನ್ನು ಆ ಸಾಣಿಸಿದ ಬಿಸಿಲಿನ ಬದಿಯಲ್ಲೇ ಎಣ್ಣೆ ಹಚ್ಚಿ ಎರೆದು ಬೆಳೆಸಿದೆವು.

ಮುಂದೆ ಮಗನ ಓದು, ಆಮೇಲೆ ಆತನ ನೌಕರಿ ಅಂತ ನಾವು ರಾಯಚೂರಿಗೆ ಬಂದೆವು. ನೆಗೆಣ್ಣಿ, ಭಾವ ಗಬ್ಬೂರಿನಲ್ಲೇ ಉಳಿದರು. ನಾನು ಬಸ್ಸು ಹತ್ತಿ ಹೋಗುತ್ತಿದ್ದೆ, ಬರುತ್ತಿದ್ದೆ. ಹೋದಾಗಲೆಲ್ಲ ಆಕೆ ಮೊದಲು ಕೇಳುತ್ತಿದ್ದದ್ದು, "ನಿಮ್ಮ ಮನಿಗೆ ರೊಟ್ಟಿ ಎಷ್ಟೊತ್ತಿಗೆ ಬರ್ತದ?" ಸಿಮೆಂಟಿನ ಮನೆಗೆ ಬೆಳಕಿಂಡಿ ಎಲ್ಲಿಂದ ಬರಬೇಕು? ಮಂಚದ ಬಳಿಯ ಕಿಟಕಿಯಿಂದ ಮಧ್ಯಾಹ್ನದ ಮೇಲೆ ಒಂದು ಪಟ್ಟಿ ಬಿಸಿಲು ಬೀಳುತ್ತದೆ ಅಂತ ಹೇಳಿದ್ದೆ. "ಚೌಕ ರೊಟ್ಟಿ ಅನ್ನು. ಪ್ಯಾಟಿ ಮಂದಿಗೆ ಅದ ಬರೋಬರಿ" ಅಂದಿದ್ದಳು.

ಕಡೆಗೆ ಆಕೆ ಹಾಸಿಗೆ ಹಿಡಿದಳು. ನಾನು ಹೋಗಿ ಅಲ್ಲೇ ಉಳಿದೆ. ಭಾವ ಆಕೆ ಮಲಗುವ ಹೊರಸನ್ನು ನಡುಮನೆಯಲ್ಲಿ ಹಾಕಿದ್ದರು, ಬಿಸಿಲು ಬರುವ ಕಡೆ ಆಕೆಯ ಕಾಲು ಇರುವ ಹಾಗೆ. ಊತ ಬಂದು ಪಾದದ ಬಿರುಕೆಲ್ಲ ಮುಚ್ಚಿಹೋಗಿದ್ದವು. ಅವನ್ನು ನೋಡಿಯೇ ನನಗೆ ಹೆದರಿಕೆಯಾಯಿತು. ಎಳೆಯವರ ಪಾದದ ಹಾಗೆ ನುಣ್ಣಗೆ ಕಾಣುತ್ತಿದ್ದವು.

ಒಂದು ದಿನ ಬೆಳಕಿಂಡಿಯಿಂದ ಬಿಸಿಲು ಒಳಗೆ ಇಳಿಯುವ ಹೊತ್ತಿಗೆ ಆಕೆ ಮೇಲೆ ನೋಡುತ್ತ ಅಂದಳು: "ಏ ಇವಳ, ನಿನ್ನ ಸಾಣಿಗಿ ತೆಗಸಲೇನಬೇ ಇವತ್ತ? ಒಮ್ಮಿ ಸಾಣಿಸಲಾರದ ಹಸೇ ಬಿಸಿಲು ನೋಡಬೇಕನಸ್ತದ. ನಿನಗಿನ್ನೂ ಅಂಜಿಕಿ ಇದ್ದರ ಇರ್ಲಿ ಬಿಡು."

ಅಷ್ಟು ವರ್ಷ ಅದು ನನಗೋಸ್ಕರ ಅಲ್ಲಿತ್ತು. ತುಕ್ಕು ಹಿಡಿದರೆ ಬದಲಿಸುತ್ತಿದ್ದರು, ತೆಗೆದಿರಲಿಲ್ಲ. ನಾನು ಊರು ಬಿಟ್ಟು ಹೋದ ಮೇಲೂ ತೆಗೆದಿರಲಿಲ್ಲ. ನಾನು ಬಂದಾಗ ಅಂಜಬಾರದು ಅಂತ.

ನಾನೇ ಹತ್ತಿದೆ. ಜೀವಮಾನದಲ್ಲಿ ಮಾಳಿಗೆ ಹತ್ತಿದವಳಲ್ಲ. ಭಾವ ನಿಚ್ಚಣಿಕೆ ಹಿಡಿದುಕೊಂಡರು. ಮಣ್ಣು ಕೆದಕಿ, ಸಾಣಿಗೆಯ ಅಂಚು ಎತ್ತಿದೆ. ಅದರ ಅಡಿಯಲ್ಲಿ ಚೇಳಿತ್ತು. ಕೊಂಡಿ ಎತ್ತಿಕೊಂಡು ಕುಳಿತಿತ್ತು. ಅದೂ ಅಲುಗಲಿಲ್ಲ, ನಾನೂ ಅಲುಗಲಿಲ್ಲ. ಆಮೇಲೆ ಅದೇ ಸರಸರ ಸರಿದು ಮಾಳಿಗೆಯ ಬಿರುಕಿನೊಳಗೆ ಹೋಯಿತು. ಸಾಣಿಗೆ ಎತ್ತಿಕೊಂಡು ಹೆಂಗೆ ಕೆಳಗಿಳಿದೆನೋ ನನಗೆ ಗೊತ್ತಿಲ್ಲ.

"ಯಕ್ಕಾ, ಚೇಳಿತ್ತು. ಖರೇನ ಇತ್ತು" ಅಂದೆ.

ಆಕೆ ಬೆರಗಾಗಲಿಲ್ಲ. "ಇರ್ಲಿ ಬಿಡಬೇ. ಇಷ್ಟು ವರ್ಷ ಒಂದ ಮನ್ಯಾಗ ಇದ್ವಿ. ಅದು ಮ್ಯಾಲ, ನಾವು ಕೆಳಗ" ಅಂದಳು. ಆಮೇಲೆ ತನ್ನ ಪಾದದ ಕಡೆ ನೋಡಿ, "ಎಷ್ಟು ದುಂಡಗ ಬಂತು ನೋಡು" ಅಂದಳು.

ಬಹಳ ದಿನ ಉಳಿಯಲಿಲ್ಲ. ಒಂದು ಮಧ್ಯಾಹ್ನ ನಾನು ಗಂಜಿ ತಗೊಂಡು ಒಳಗೆ ಬಂದಾಗ ಬಿಸಿಲು ಆಕೆಯ ಕಾಲು ದಾಟಿ ಮೂಡಣ ಗೋಡೆಗೆ ಹೋಗಿತ್ತು. ಬಿಸಿಲು ಸರಿದ ಕೂಡಲೆ ಕಾಲು ಹಿಂದಕ್ಕೆ ಎಳೆದುಕೊಳ್ಳುವಾಕೆ ಅವತ್ತು ಎಳೆದುಕೊಂಡಿರಲಿಲ್ಲ. ಅಷ್ಟರಿಂದಲೇ ಆಕೆ ಇನ್ನಿಲ್ಲ ಅಂತ ನನಗೆ ತಿಳಿಯಿತು. ಆ ಸಾಣಿಗೆಯನ್ನು ನಾನು ರಾಯಚೂರಿಗೆ ತಂದೆ. ಅಡುಗೆಮನೆಯ ಮೊಳೆಗೆ ತೂಗುಹಾಕಿದ್ದೇನೆ.

ಈಗ ನಮ್ಮ ಕೂಸಿನ ಮಾತಿಗೆ ಬರುತ್ತೇನೆ. ಸೊಸೆಗೆ ದಿನ ತುಂಬುವುದಕ್ಕಿಂತ ಎಷ್ಟೋ ಮೊದಲೇ ನೋವು ಬಂತು. ಕೂಸು ಹುಟ್ಟಿತು, ಅಳಲಿಲ್ಲ. ಅಂಗೈ ಮೇಲೆ ಹಿಡಿಯುವಷ್ಟು ಇತ್ತು. ಒಯ್ದು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ಡಾಕ್ಟರಮ್ಮ, "ಈಗೇ ಏನೂ ಹೇಳಾಕ ಆಗೂದಿಲ್ಲರಿ ಅಮ್ಮಾ. ದಿನಾ ನೋಡ್ಕೋತ ಹೋಗಬೇಕು" ಅಂದರು. ಮಗ ಗೋಡೆಗೆ ಮುಖ ಮಾಡಿ ನಿಂತ. ನನ್ನ ಹಳೆಯ ಅಂಜಿಕೆ ನನ್ನ ಪಕ್ಕಕ್ಕೆ ಬಂದು ಕುಳಿತದ್ದು ನನಗೆ ಗೊತ್ತಾಯಿತು.

ಆ ದಿನಗಳನ್ನು ಹೆಂಗೆ ಬರೆಯಲಿ? ಯಾರ ಫೋನು ಬಡಿದರೂ ನಮ್ಮದೇ ಅನಿಸುತ್ತಿತ್ತು. ಸಿಸ್ಟರ್ ಬಾಗಿಲು ತೆರೆದು ಹೊರಗೆ ಬಂದರೆ ಅವರ ಬಾಯಿ ನೋಡಲಿಕ್ಕೆ ಧೈರ್ಯವಿಲ್ಲದೆ ಅವರ ಚಪ್ಪಲಿ ನೋಡುತ್ತಿದ್ದೆ. ಸೊಸೆಗೆ ದಿನಕ್ಕೆ ಒಂದಿಷ್ಟು ಹೊತ್ತು ಒಳಗೆ ಬಿಟ್ಟು ಕೂಸನ್ನು ಬರಿ ಎದೆಗೆ ಅಪ್ಪಿಕೊಂಡು ಕೂಡಲಿಕ್ಕೆ ಹೇಳುತ್ತಿದ್ದರು. ಹೊರಗೆ ಬಂದಾಗ ಆಕೆಯ ಮುಖ ಕಾಗದದ ಹಾಗೆ ಇರುತ್ತಿತ್ತು. "ಅತ್ತೀ, ಅದು ಉಸುರು ಬಿಟ್ಟು ತಗೊಳ್ಳೂ ನಡುವ ಒಂದು ಕ್ಷಣ ಸುಮ್ಮನ ಇರ್ತದ. ಆ ಕ್ಷಣದಾಗ ನಾ ಸಾಯ್ತೀನಿ" ಅಂದಳು. ನಾನೂ ಹೊರಗೆ ಕುಳಿತು ಅದೇ ಸಾವು ಸಾಯುತ್ತಿದ್ದೆ.

ದವಾಖಾನೆಯ ಮೆಟ್ಟಿಲ ತಿರುವಿನಲ್ಲಿ ಒಂದು ಕಿಟಕಿ ಇತ್ತು. ಚಳಿಯ ದಿನ. ಮಧ್ಯಾಹ್ನದ ಮೇಲೆ ಅಲ್ಲಿ ನೆಲಕ್ಕೆ ಬಿಸಿಲು ಬೀಳುತ್ತಿತ್ತು, ಚೌಕ ರೊಟ್ಟಿ. ಒಂದು ದಿನ ನಾನು ಹೋಗಿ ಅಲ್ಲಿ ಕುಳಿತು ಪಾದ ಚಾಚಿದೆ. ಬಾಗಿಲು ಕಾಯುವಾತ ನೋಡಿ, "ಯವ್ವಾ, ನಮ್ಮ ರಾಯಚೂರಾಗ ಎಲ್ಲಾರೂ ನೆಳ್ಳು ಹುಡುಕ್ಯಾಡತಾರ. ಬಿಸಿಲು ಹುಡುಕ್ಯಾಡಿ ಕುಂತಾಕಿ ನೀನೊಬ್ಬಾಕಿನ ನೋಡು" ಅಂದ. "ನಮ್ಮ ಮನಿ ರೊಟ್ಟಿ ಇದು ಯಪ್ಪಾ" ಅಂದೆ. ಆತನಿಗೆ ಏನು ತಿಳಿಯಿತೋ, ನಕ್ಕು ತನ್ನ ಬಾಗಿಲಿಗೆ ಹೋದ.

ಮರುದಿನ ಸೊಸೆಯನ್ನೂ ಕರೆದುಕೊಂಡು ಬಂದು ಪಕ್ಕದಲ್ಲಿ ಕೂಡಿಸಿಕೊಂಡೆ. ಆಕೆ ಉಣ್ಣುವುದು ಬಿಟ್ಟಿದ್ದಳು. ನೆಗೆಣ್ಣಿಯ ಗೋಣಿತಟ್ಟಿನ ಸಂಗತಿ ಹೇಳಿದೆ. ಆಕೆ ಕೇಳಿದಳು, ನಗಲಿಲ್ಲ. ಆದರೆ ನಾನು ಒಡ್ಡಿದ ತುತ್ತಿಗೆ ಬಾಯಿ ತೆರೆದಳು. ಕೆಳಗೆ ಬೇವಿನ ಗಿಡದಲ್ಲಿ ಗಿಳಿಗಳು ಜಗಳ ಮಾಡುತ್ತಿದ್ದವು. ಇಬ್ಬರೂ ಅದನ್ನು ಕೇಳುತ್ತ ಬಿಸಿಲು ಸರಿಯುವವರೆಗೆ ಕುಳಿತೆವು. ಅಂಜಿಕೆ ಎದ್ದು ಹೋಗಲಿಲ್ಲ. ಅದೂ ನಮ್ಮ ಜೊತೆ ಗಿಳಿಗಳ ಜಗಳ ಕೇಳಿತು.

ಹಾಗೆ ಹೀಗೆ ಕೂಸು ಚೂರು ಚೂರು ತೂಕ ಹಿಡಿಯಿತು. ನಳಿಕೆ ತೆಗೆದರು. ಒಂದು ದಿನ ತಾನೇ ಮೊಲೆ ಹಿಡಿಯಿತು. ಇವತ್ತು, ಮನೆಗೆ ಒಯ್ಯಿರಿ ಅಂದರು. ಆ ಡಾಕ್ಟರಮ್ಮನ ಕೈ ತಂಪಾಗಿರಲಿ.

ಬಾಣಂತನ ತವರಿನಲ್ಲಿ ಆಗಬೇಕು. ಆದರೆ ದವಾಖಾನೆ ಹತ್ತಿರವೇ ಇರಲಿ ಅಂತ ಸೊಸೆಯ ತಾಯಿಯೇ ಮಾನ್ವಿಯಿಂದ ಅಂಟಿನುಂಡಿಯ ಡಬ್ಬಿ ಹೊತ್ತುಕೊಂಡು ಇಲ್ಲಿಗೆ ಬಂದಿದ್ದಾರೆ. ಮನೆಗೆ ಬಂದ ಕೂಡಲೆ ಸೊಸೆ ಮಾಡಿದ ಮೊದಲ ಕೆಲಸ ಏನು ಗೊತ್ತೇ? ಮಂಚದ ಕಿಟಕಿ ಬಡಿದು, ದಪ್ಪ ಪರದೆ ಎಳೆದು, ಅಂಚಿಗೆ ಪಿನ್ನು ಚುಚ್ಚಿದಳು. "ಗಾಳಿ ಬ್ಯಾಡ, ಧೂಳು ಬ್ಯಾಡ, ಯಾರೂ ಬರೂದು ಬ್ಯಾಡ" ಅಂದಳು. ಕೋಣೆ ಕತ್ತಲಾಯಿತು. ಕತ್ತಲಲ್ಲಿ ಕೂಸಿನ ಮೂಗಿಗೆ ಕಿವಿ ಹಚ್ಚಿ ಕುಳಿತಳು. ನನಗೆ ಗಬ್ಬೂರಿನ ಫರಸಿ ಕಲ್ಲು ನೆನಪಾಯಿತು. ಆಕೆಗೆ ಏನು ಹೇಳಲಿ? ಏನೂ ಆಗುವುದಿಲ್ಲ ಅಂತ ನೆಗೆಣ್ಣಿ ನನಗೆ ಎಂದೂ ಹೇಳಿದವಳಲ್ಲ.

ಮಧ್ಯಾಹ್ನದ ಮೇಲೆ ನಾನು ಅಡುಗೆಮನೆಯಿಂದ ಆ ಸಾಣಿಗೆ ತಂದೆ.

"ಕಿಟಕಿ ತೆಗಿಯೂದು ಬ್ಯಾಡ. ಪರದೆ ಒಂದು ಗೇಣು ಸರಿಸ್ತೀನಿ. ಬರೇ ಕಾಲಿಗೆ. ಬಿಸಿಲು ಸಾಣಿಸಿ ಕೊಡ್ತೀನಿ, ನಮ್ಮಕ್ಕ ಕೊಟ್ಟಂಗ" ಅಂದೆ.

ಆಕೆ ಕೂಸಿನ ಮುಖಕ್ಕೆ ಕೈ ಅಡ್ಡ ಹಿಡಿದಳು. ಪರದೆ ಸರಿಸಿದೆ. ಗಾಜಿನೊಳಗಿಂದ ಬಿಸಿಲು ಬಂತು. ನಾನು ಸಾಣಿಗೆಯನ್ನು ಅಡ್ಡ ಹಿಡಿದೆ. ಕೂಸಿನ ಎರಡು ಅಂಗಾಲಿನ ಮೇಲೆ ಸಣ್ಣ ಸಣ್ಣ ಬೆಳಕು. ನಾನು ಹಿಗ್ಗಿ ಹೋದೆ. ಅಷ್ಟರಲ್ಲಿ ಸೊಸೆ ಚೀರಿದಳು:

"ಅತ್ತೀ! ತುಕ್ಕು ಉದುರಾಕತ್ತದ ಕೂಸಿನ ಮ್ಯಾಲ!"

ಖರೇನೇ! ಕೆಂಪು ಪುಡಿ ಹಾಸಿಗೆಯ ಮೇಲೆ ಬಿದ್ದಿತ್ತು. ಸಾಣಿಗೆಯನ್ನು ಆಚೆ ಎಸೆದೆ, ಅದು ಗೋಡೆಗೆ ಬಡಿದು ಗಡಗಡ ಉರುಳುತ್ತ ಅಡುಗೆಮನೆಯವರೆಗೆ ಹೋಯಿತು. ಒಳಗಿನಿಂದ ಬೀಗಿತ್ತಿ, "ಏನು ಬಿತ್ತವ್ವಾ?" ಅಂತ ಓಡಿ ಬಂದರು. ನಾನು ಸೆರಗಿನಿಂದ ತುಕ್ಕು ಝಾಡಿಸುತ್ತ, "ಸುಡ್ಲಿ ನನ್ನ ಕೈ, ಸುಡ್ಲಿ" ಅನ್ನುತ್ತಿದ್ದೆ. ಕೂಸು ಒಂದು ಸಾರಿ ಬೆಚ್ಚಿ, ಕಣ್ಣು ತೆರೆದು, ನನ್ನ ಕಡೆ ನೋಡಿ, ಆಕಳಿಸಿತು.

ಆಗ ಸೊಸೆ ನಕ್ಕಳು. ಕೂಸು ಹುಟ್ಟಿದ ದಿನದಿಂದ ಆಕೆ ನಕ್ಕಿರಲಿಲ್ಲ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. "ಅತ್ತೀ, ನಿಮ್ಮ ಮುಖ ನೋಡಬೇಕಿತ್ತು ನೀವು!" ಅಂದಳು. ಆಮೇಲೆ ತನ್ನ ಹೆಗಲ ಮೇಲಿದ್ದ ತೆಳ್ಳನೆಯ ಓಢಣಿ ತೆಗೆದು, ಕಿಟಕಿಯ ಸರಳಿಗೆ ಎರಡೂ ತುದಿ ಕಟ್ಟಿ, ಪಿನ್ನು ಕಿತ್ತು, ದಪ್ಪ ಪರದೆಯನ್ನು ತಾನೇ ಪೂರಾ ಸರಿಸಿದಳು. ಕೋಣೆಯಲ್ಲಿ ತಿಳಿ ಹಳದಿ ಬೆಳಕು ತುಂಬಿತು. ಕಿಟಕಿಯ ಕಟ್ಟೆಗೆ ಬಂದ ಗುಬ್ಬಿಯ ನೆರಳು ಓಢಣಿಯ ಮೇಲೆ ಕುಪ್ಪಳಿಸಿತು. ಬೀಗಿತ್ತಿ ಬಾಗಿಲಲ್ಲೇ ನಿಂತರು. ಮೂವರೂ ಕೂಸಿನ ಪಾದ ನೋಡುತ್ತ ಉಳಿದೆವು. ಒಲೆಯ ಮೇಲೆ ಬೇಳೆ ಉಕ್ಕಿ ಸೀದ ವಾಸನೆ ಬರುವವರೆಗೆ.

ಸಂಜೆ ಗಬ್ಬೂರಿನಿಂದ ಬಸ್ಸಿಗೆ ಭಾವ ಬಂದರು. ಚೀಲದಲ್ಲಿ ಹೊಸ ಜೋಳದ ಹಿಟ್ಟು. ದೂರದಿಂದಲೇ ಕೂಸು ನೋಡಿ, ಮುಟ್ಟದೆ, "ಅಕಿ ಇರಬೇಕಿತ್ತು" ಅಂದರು. ಅಷ್ಟೇ ಅಂದರು. ಹುಗ್ಗಿ ಮಾಡಿದೆ, ಪುಂಡಿಪಲ್ಯ ಮಾಡಿದೆ, ಬಾಣಂತಿಗೆ ಬೇರೆ ಸಬ್ಬಸಗಿ ಪಲ್ಯ. ಭಾವ, ನನ್ನ ಗಂಡ, ಮಗ, ಬೀಗಿತ್ತಿ, ಎಲ್ಲರನ್ನೂ ಮಂಚದ ಕೋಣೆಯಲ್ಲೇ ನೆಲಕ್ಕೆ ಸಾಲಾಗಿ ಕೂಡಿಸಿದೆ. ಕೂಸು ಒಂಟಿ ಇರಬಾರದಲ್ಲ.

ಸೊಸೆ ತಾಟಿನ ಮುಂದೆ ಕುಳಿತಳು. ರೊಟ್ಟಿ ಮುರಿದಳು, ಕೈ ಅಲ್ಲೇ ನಿಂತಿತು. ಕಿವಿ ಮಂಚದ ಕಡೆ. ಮಧ್ಯಾಹ್ನದ ನಗು ಎಲ್ಲಿಗೆ ಹೋಯಿತೋ. ಹೊತ್ತು ಮುಳುಗಿದ ಹಾಗೆ ನನಗೂ ಒಳಗೇ ಕುಟುಕಲಿಕ್ಕೆ ಸುರುವಾಗಿತ್ತು. ಮುಂದಿನ ದಿನಗಳು ಹೆಂಗೋ, ಏನೋ. ನಾನು ಎದ್ದು ಒಂದು ಸಣ್ಣ ಚಾಪೆ ತಂದು, ಆಕೆಗೂ ನನಗೂ ನಡುವೆ ಹಾಸಿದೆ.

"ಇನ್ನ ಯಾರು ಬರೂರದಾರಬೇ?" ಅಂದ ಮಗ.

"ಬಂದಾರ ಆಗಲೇ" ಅಂದೆ.

ಭಾವ ತುತ್ತು ಹಿಡಿದ ಕೈ ಕೆಳಗಿಳಿಸಿ ಆ ಚಾಪೆಯನ್ನೇ ನೋಡಿದರು. ನನ್ನ ಗಂಡನಿಗೂ ನೆನಪಾಯಿತು, ಅವರು ಅತ್ತ ಮುಖ ತಿರುಗಿಸಿಕೊಂಡರು. ಮಂಚದ ಮೇಲೆ ಕೂಸು ಸಣ್ಣಗೆ ಒಂದು ಸದ್ದು ಮಾಡಿತು. ಎಲ್ಲರ ಕೈ ನಿಂತವು. ಮತ್ತೆ ಉಸಿರು ಕೇಳಿಸಿತು.

ಸೊಸೆ ಖಾಲಿ ಚಾಪೆಯ ಕಡೆ ಒಂದು ಸಾರಿ ನೋಡಿ, ತನ್ನ ತಾಟನ್ನು ತನ್ನ ಹತ್ತಿರಕ್ಕೆ ಎಳೆದುಕೊಂಡಳು. ಒಂದು ತುತ್ತು ತಿಂದಳು. ಮತ್ತೊಂದು ತಿಂದಳು. ಆಮೇಲೆ ನನ್ನ ಕಡೆ ಕೈ ಚಾಚಿ, "ಅತ್ತೀ, ಇನ್ನರ್ಧ ರೊಟ್ಟಿ ಹಾಕ್ರಿ. ನನಗ" ಅಂದಳು.

ಹಾಕಿದೆ. ನಾನೂ ಹಾಕಿಕೊಂಡೆ. ಎಲ್ಲರೂ ಉಂಡೆವು.